ಬಟ್ಟಲಲ್ಲಿ ಬೆಳೆದ ಮಾಸು

ಜೀವಕೋಶಗಳನ್ನು ಬೆಳೆಸಲು ಆಸರೆಯಾಗಿ ಬಳಸುವ ಮ್ಯಾಟ್ರಿಜೆಲ್ ತಣ್ಣಗಿದ್ದರೆ ನೀರು, ಬೆಚ್ಚಗಾದರೆ ಜೆಲ್ಲಿ. ಇದು ಗೊತ್ತಿದ್ದೂ ಮೊದಲ ದಿನವೇ ಎಡವಿದೆ. ಪೈಪೆಟ್ ತುದಿಗಳನ್ನು ಫ್ರಿಜ್‌ನಲ್ಲಿಡಲು ಮರೆತಿದ್ದೆ. ಹನಿ ಬಟ್ಟಲಿಗೆ ಬೀಳುವ ಮೊದಲೇ ತುದಿಯಲ್ಲಿ ಗಟ್ಟಿಯಾಯಿತು. ಬೆಳಗಿನಿಂದ ಮಾಸಿನಿಂದ (ಪ್ಲಸೆಂಟಾ) ಬೇರ್ಪಡಿಸಿದ ಜೀವಕೋಶಗಳೆಲ್ಲ ಅದರೊಳಗೇ ಸಿಕ್ಕಿಕೊಂಡವು.

ಅದಕ್ಕೂ ಮುಂಚೆ ನಾನು ಇಲಿಗಳ ಜೊತೆ ಕೆಲಸ ಮಾಡುತ್ತಿದ್ದೆ. ಇಲಿ ಗರ್ಭ ಧರಿಸಿ ಸುಮಾರು 20 ದಿನಕ್ಕೆ ಮರಿ ಹಾಕುತ್ತದೆ. ಮಾಸಿನ ರಚನೆಯೂ ಬೇರೆ. ಬಸುರಿಯರಿಗೆ ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯಾ ಇಲಿಗೆ ತಾನಾಗಿ ಬರುವುದಿಲ್ಲ, ನಾವೇ ಬರಿಸಬೇಕು. ಬರಿಸಿದ್ದು ಅದೇ ಕಾಯಿಲೆಯೇ ಎಂಬ ಅನುಮಾನ ಮಾತ್ರ ಹೋಗುತ್ತಿರಲಿಲ್ಲ.

2018ರಲ್ಲಿ ಕೇಂಬ್ರಿಜ್ ಮತ್ತು ವಿಯೆನ್ನಾದ ತಂಡಗಳು ಮೊದಲ ಮೂರು ತಿಂಗಳ ಮಾಸಿನಿಂದ ಆರ್ಗನಾಯ್ಡ್, ಅಂದರೆ ಅಂಗವನ್ನು ಹೋಲುವ ಜೀವಕೋಶಗಳ ಪುಟ್ಟ ಗೋಲಿಗಳನ್ನು, ಬೆಳೆಸಿದ್ದವು. ನಾನೂ ಅದೇ ದಾರಿ ಹಿಡಿದೆ. ತಾಯಂದಿರು ಒಪ್ಪಿ ಕೊಟ್ಟ ತುಣುಕನ್ನು ರಕ್ತ ಹೋಗುವವರೆಗೆ ತೊಳೆದು, ಬೇರಿನ ಹಾಗೆ ಕವಲೊಡೆದ ಎಳೆಗಳನ್ನು ಬ್ಲೇಡಿನಿಂದ ಕೆರೆದು, ಎಂಜೈಮ್ ಹಾಕಿ ಬಿಡಿಸುತ್ತೇನೆ. ನಮಗೆ ಬೇಡದ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳದ್ದೇ ಕಾಟ. ಹೊಲದ ಕಳೆ ಇದ್ದ ಹಾಗೆ, ಸುಮ್ನೆ ಬಿಟ್ಟರೆ ಬಟ್ಟಲೆಲ್ಲ ಅವೇ. ಮೊದಲ ಎರಡು ಬಾರಿ ಎಲ್ಲವನ್ನೂ ಎಸೆದೆ.

ಮೂರನೆಯ ಸಲ ಗೋಲಿಗಳು ಕಾಣಿಸಿಕೊಂಡವು, ಸಾಸಿವೆಗಿಂತಲೂ ಚಿಕ್ಕವು. ಇವು ನಿಜವಾಗಿ ಮಾಸೇನಾ? ಔಷಧಿ ಅಂಗಡಿಯ ಪ್ರೆಗ್ನೆನ್ಸಿ ಕಿಟ್ ತಂದು ಗೋಲಿಗಳು ಬೆಳೆದಿದ್ದ ದ್ರವದ ಮೂರು ಹನಿ ಹಾಕಿದೆ. ಎರಡು ಗೆರೆ! ಗೋಲಿಗಳಿಲ್ಲದ ಹೊಸ ದ್ರವಕ್ಕೆ ಒಂದೇ ಗೆರೆ. ಅಂದರೆ ಗೋಲಿಗಳು ಬಸುರಿನಲ್ಲಿ ಮಾಸು ಸುರಿಸುವ ಎಚ್‌ಸಿಜಿ ಹಾರ್ಮೋನನ್ನೇ ಸುರಿಸುತ್ತಿದ್ದವು. ಆ ಕಿಟ್ ಇನ್ನೂ ನನ್ನ ಡ್ರಾಯರ್‌ನಲ್ಲಿದೆ.

ಆದರೆ ಒಂದು ಎಡವಟ್ಟಿತ್ತು. ಮಾಸಿನಲ್ಲಿ ತಾಯಿಯ ರಕ್ತಕ್ಕೆ ತಾಗುವುದು ಒಂದಕ್ಕೊಂದು ಬೆಸೆದುಕೊಂಡ ಜೀವಕೋಶಗಳ ಪದರ. ಜೆಲ್‌ನಲ್ಲಿ ಬೆಳೆದ ಗೋಲಿಯಲ್ಲಿ ಅದು ಒಳಗೆ ಹೋಗಿ ಕೂತಿರುತ್ತದೆ. ಅಂಗಿ ತಿರುವಿ ಹಾಕಿಕೊಂಡ ಹಾಗೆ. ಹೊರಗಿನಿಂದ ಔಷಧಿ ಹಾಕಿದರೆ ಮೊದಲು ತಾಗುವುದು ತಪ್ಪು ಕಡೆಗೆ! ಇದು ಹೊಳೆಯುವ ಹೊತ್ತಿಗೆ ಒಂದು ಸುತ್ತಿನ ಪ್ರಯೋಗ ಮುಗಿದಿತ್ತು. ಈಗ ಗೋಲಿಗಳನ್ನು ಜೆಲ್‌ನಿಂದ ಬಿಡಿಸಿ ದ್ರವದಲ್ಲಿ ತೇಲಲು ಬಿಡುತ್ತೇನೆ. ಆಗ ಆ ಪದರ ಹೊರಗಡೆ ಬರುತ್ತದೆ.

ರಕ್ತ ಹರಿಯುವುದಿಲ್ಲ, ತಾಯಿಯ ರೋಗನಿರೋಧಕ ಕೋಶಗಳೂ ಇಲ್ಲ, ಹಾಗಾಗಿ ಎಲ್ಲ ಪ್ರಶ್ನೆಗೂ ಇದು ಸಾಲದು. ಇನ್ನೊಂದು ವಿಷಯ ಜಾಸ್ತಿ ಚುಚ್ಚುತ್ತದೆ: ಮ್ಯಾಟ್ರಿಜೆಲ್ ತಯಾರಾಗುವುದೇ ಇಲಿಯ ಗೆಡ್ಡೆಯಿಂದ. ಇಲಿ ಬೇಡ ಅಂತಲೇ ತಾನೇ ಇಷ್ಟೆಲ್ಲ ಮಾಡಿದ್ದು, ಅಲ್ವಾ? ಕೃತಕ ಜೆಲ್ ತಂದು ನೋಡುತ್ತಿದ್ದೇನೆ. ಅದರಲ್ಲಿ ಗೋಲಿಗಳು ಬೆಳೆಯುತ್ತಿವೆ, ಆದರೆ ತುಂಬಾ ನಿಧಾನ.