ಒಂದೇ ವೈರಿನಲ್ಲಿ ಡಿಶ್ಶೂ ಕೇಬಲ್ಲೂ

ಕಲಬುರಗಿಯ ಹಳೇ ಮನೆಗಳ ಮಾಳಿಗೆಗೆ ಶಹಾಬಾದ್ ಕಲ್ಲು ಹಾಸಿರುತ್ತಾರೆ. ಡ್ರಿಲ್ ಇಟ್ಟರೆ ಎಲ್ಲಿ ಚಪ್ಪಡಿ ಸೀಳುತ್ತದೋ ಎಂಬ ಭಯ. ಡಿಶ್ ವೈರ್ ಇಳಿದ ತೂತು ಇದ್ದೇ ಇದೆ. ಈಗ ಕೇಬಲ್ ಟೀವಿಯೂ ಬೇಕೆಂದರೆ ಇನ್ನೊಂದು ತೂತು ಬೇಡ. ಅದೇ ವೈರಿನಲ್ಲಿ ಎರಡನ್ನೂ ಇಳಿಸಬಹುದು.

ಎರಡೂ ಕಲಸಿಹೋಗುವುದಿಲ್ವಾ? ಹೋಗುತ್ತವೆ. ಯಾವ ಕ್ಷಣದಲ್ಲಿ ನೋಡಿದರೂ ವೈರಿನಲ್ಲಿರುವುದು ಎಲ್ಲ ಕೂಡಿದ ಒಂದೇ ವೋಲ್ಟೇಜ್. ಆದರೆ ಕೂಡಿದ್ದನ್ನು ಬಿಡಿಸಬಹುದು. ಶರಣಬಸವೇಶ್ವರ ಜಾತ್ರೆಯಲ್ಲಿ ಹಲಗೆಯ ಸದ್ದು, ಮಕ್ಕಳ ಪೀಪಿ ಒಂದೇ ಗಾಳಿಯಲ್ಲಿ ಬಂದರೂ ಕಿವಿ ಎರಡನ್ನೂ ಬೇರೆಬೇರೆಯಾಗಿಯೇ ಕೇಳುತ್ತದೆ, ಅಲ್ವಾ? ಇಲ್ಲಿ ಆ ಕೆಲಸ ಡೈಪ್ಲೆಕ್ಸರ್ ಎಂಬ ಪುಟ್ಟ ಡಬ್ಬಿಯದು. ಒಳಗಿನ ಕಾಯಿಲ್ ಕಡಿಮೆ ಫ್ರೀಕ್ವೆನ್ಸಿಗೆ, ಅಂದರೆ ನಿಧಾನ ಕಂಪನಕ್ಕೆ, ದಾರಿ ಬಿಡುತ್ತದೆ, ಕೆಪಾಸಿಟರ್ ಜಾಸ್ತಿ ಇರುವುದಕ್ಕೆ.

ಕೇಬಲ್ ಟೀವಿ ಸುಮಾರು 47ರಿಂದ 862 ಮೆಗಾಹರ್ಟ್ಸ್‌ವರೆಗೆ. ಡಿಶ್ ವೈರಿನಲ್ಲಿ ಬರುವುದು 950ರಿಂದ 2150. ನಡುವಿನ ಖಾಲಿ ಜಾಗವೇ ಗಡಿ. ಉಪಗ್ರಹ ಕಳಿಸುವ ಫ್ರೀಕ್ವೆನ್ಸಿ ಇನ್ನೂ ಎಷ್ಟೋ ಮೇಲಿನದು, ಅದನ್ನು ಇಳಿಸುವುದು ಡಿಶ್ ಮುಂದೆ ಕೂತಿರುವ ಎಲ್‌ಎನ್‌ಬಿ ಎಂಬ ಪುಟ್ಟ ಸಾಧನ. 11,900 ಮೆಗಾಹರ್ಟ್ಸ್ ಬಂದರೆ 10,600 ಕಳೆದು 1,300 ಮಾಡಿ ಕಳಿಸುತ್ತದೆ. ಇದರ ಜೊತೆಗೆ ಸೆಟ್‌ಟಾಪ್ ಬಾಕ್ಸ್ ಕಡೆಯಿಂದ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕರೆಂಟೂ ಇದೇ ವೈರಿನಲ್ಲಿ ಮೇಲೆ ಹೋಗುತ್ತದೆ. ನನಗೆ ಇದರಲ್ಲಿ ತುಂಬಾ ಇಷ್ಟವಾದ ಸಂಗತಿ ಇದು.

ಒಂದು ಜೋಡಿ ಡೈಪ್ಲೆಕ್ಸರ್ ತನ್ನಿ. ಸ್ಪ್ಲಿಟರ್ ತರಬೇಡಿ. ಅದು ಸಿಗ್ನಲ್ ಹಂಚುತ್ತದೆ, ಬೇರ್ಪಡಿಸುವುದಿಲ್ಲ. ಡಿಶ್ ಕಡೆಯ ಬಾಯಿ ಕರೆಂಟನ್ನೂ ಬಿಡುವಂಥದ್ದಾಗಿರಬೇಕು, ಅಂಗಡಿಯಲ್ಲೇ ಕೇಳಿ. ವೈರ್ ಆರ್‌ಜಿ-6 ಎಂಬ ಕಡಿಮೆ ನಷ್ಟದ ಬಗೆಯದಿರಲಿ. ಫ್ರೀಕ್ವೆನ್ಸಿ ಜಾಸ್ತಿ ಇದ್ದಷ್ಟೂ ವೈರಿನಲ್ಲಿ ಸಿಗ್ನಲ್ ಬೇಗ ಸೊರಗುತ್ತದೆ.

ಕೈ ಹಾಕುವ ಮೊದಲು ಎರಡೂ ಬಾಕ್ಸ್‌ಗಳ ಪ್ಲಗ್ ಕಿತ್ತಿಡಿ. ಮಾಳಿಗೆಯಲ್ಲಿ ಒಂದು ಡಬ್ಬಿ: ಡಿಶ್ ವೈರ್ 'ಸ್ಯಾಟ್' ಬಾಯಿಗೆ, ಕೇಬಲ್ ವೈರ್ 'ಟೀವಿ' ಬಾಯಿಗೆ, ಕೆಳಗಿಳಿಯುವ ವೈರ್ ಮೂರನೆಯದಕ್ಕೆ. ಟೀವಿ ಹಿಂದೆ ಇನ್ನೊಂದು ಡಬ್ಬಿ, ಇದೇ ಜೋಡಣೆ ತಿರುವುಮುರುವು: ಇಳಿದ ವೈರ್ ಮೂರನೆಯದಕ್ಕೆ, 'ಸ್ಯಾಟ್' ಬಾಯಿಯಿಂದ ಡಿಶ್ ಬಾಕ್ಸಿಗೆ, 'ಟೀವಿ' ಬಾಯಿಯಿಂದ ಕೇಬಲ್ ಬಾಕ್ಸಿಗೆ.

ಎಡವುವುದು ಕನೆಕ್ಟರ್ ಹಾಕುವಲ್ಲಿ. ಮೇಲಿನ ಕಪ್ಪು ಸಿಪ್ಪೆ ಸುಲಿದು ಜಾಳಿಗೆಯ ಎಳೆಗಳನ್ನು ಹಿಂದಕ್ಕೆ ಮಡಚಿ. ನಡುವಿನ ತಂತಿ ಕಡ್ಡಿಯಂತೆ ನೇರ ನಿಲ್ಲಲಿ. ಬೆಳಕಿಗೆ ಹಿಡಿದು ನೋಡಿ. ಕೂದಲಂಥ ಒಂದೇ ಎಳೆ ಆ ತಂತಿಗೆ ತಾಗಿದರೂ ಕರೆಂಟ್ ಶಾರ್ಟ್ ಆಗುತ್ತದೆ.

ಮೇಲಿನ ಡಬ್ಬಿಯನ್ನು ಬಿಸಿಲಿಗೆ ಬಿಡಬೇಡಿ. ನಮ್ಮ ಮೇ ತಿಂಗಳ ಬಿಸಿಲಿಗೆ ಟೇಪ್ ಬಿರುಕು ಬಿಟ್ಟರೆ ಜೂನ್ ಮಳೆಗೆ ನೀರು ಒಳಗಿಳಿಯುತ್ತದೆ. ಡಬ್ಬಿಯ ಹತ್ತಿರ ವೈರ್ ಸ್ವಲ್ಪ ಜೋಲಿ ಬಿದ್ದಿರಲಿ, ಹನಿ ಅಲ್ಲೇ ತೊಟ್ಟಿಕ್ಕಲಿ.

ಈಗ ಪ್ಲಗ್ ಹಾಕಿ. ಕೇಬಲ್ ಬಂದು ಡಿಶ್ ಏನೂ ಬಾರದಿದ್ದರೆ 'ಸ್ಯಾಟ್' ಬಾಯಿಗಳನ್ನು ನೋಡಿ. ಕೆಲವು ಚಾನೆಲ್‌ಗಳಿಗೆ 13 ವೋಲ್ಟ್, ಉಳಿದವಕ್ಕೆ 18 ಬೇಕು; ಡಿಶ್ಶಿನ ಅರ್ಧದಷ್ಟು ಚಾನೆಲ್ ಮಾತ್ರ ಬಂದರೆ ಬಹುಶಃ ಎಲ್‌ಎನ್‌ಬಿಗೆ 18 ವೋಲ್ಟ್ ತಲುಪುತ್ತಿಲ್ಲ. ಮೊದಲು ಕನೆಕ್ಟರ್ ಬಿಚ್ಚಿ ನೋಡಿ.