3¾ ಇಂಚಿನ ಹಳೇ ಆಕ್ಷನ್ ಫಿಗರ್‌ಗಳ ಕೀಲುಗಳನ್ನು ನಾನು ಹೋಲಿಸುವ ಬಗೆ

ಹಳೇ ಆಕ್ಷನ್ ಫಿಗರ್, ಎಂದರೆ ಕೈಕಾಲು ಆಡಿಸಬಹುದಾದ ಪ್ಲಾಸ್ಟಿಕ್ ಗೊಂಬೆ, ಕೈಗೆ ಬಂದರೆ ಬಹಳಷ್ಟು ಜನ ಮೊದಲು ಕೀಲುಗಳನ್ನು ಎಣಿಸುತ್ತಾರೆ. ಐದು ಕೀಲಿದ್ದರೆ ಸಾಧಾರಣ, ಹನ್ನೆರಡು ದಾಟಿದರೆ ಉತ್ತಮ ಅನ್ನುವ ಲೆಕ್ಕ. ನಾನು ಮೊದಲು ನೋಡುವುದು ಬೇರೆ: ಈ ಕೀಲನ್ನು ಬಿಗಿಯಾಗಿ ಹಿಡಿದಿರುವುದು ಏನು? ಅಂಟಿಸಿದ ಎದೆಯ ಎರಡು ಹೋಳುಗಳೋ, ಲೋಹದ ಪಿನ್ನೋ, ಎಳೆದು ಕಟ್ಟಿದ ರಬ್ಬರೋ? ನಲವತ್ತು ವರ್ಷ ಕಳೆದ ಗೊಂಬೆ ಇವತ್ತು ನಿಲ್ಲುತ್ತದೋ ಕುಸಿಯುತ್ತದೋ, ಕುಸಿದರೆ ರಿಪೇರಿ ಆಗುತ್ತದೋ ಇಲ್ಲವೋ ಎಂಬುದು ಇದರ ಮೇಲೇ ನಿಂತಿದೆ.

ಹೋಲಿಕೆಗೆ ನಾನು ಇಟ್ಟುಕೊಳ್ಳುವ ಎರಡು ಮಾದರಿಗಳು ಕೆನ್ನರ್ ಕಂಪನಿಯ ಸ್ಟಾರ್ ವಾರ್ಸ್ ಫಿಗರ್ (1978ರಿಂದ 1985) ಮತ್ತು ಹ್ಯಾಸ್‌ಬ್ರೋ ಕಂಪನಿಯ ಸೈನಿಕ ಗೊಂಬೆ ಜಿ.ಐ. ಜೋ (1982ರಿಂದ). ಎರಡೂ ಸುಮಾರು ಒಂಬತ್ತೂವರೆ ಸೆಂಟಿಮೀಟರ್ ಎತ್ತರದವು, ಒಳಗಿನ ವಿಚಾರ ಮಾತ್ರ ಪೂರ್ತಿ ಬೇರೆ.

ಕೆನ್ನರ್ ಗೊಂಬೆಗೆ ಕುತ್ತಿಗೆ, ಎರಡು ಭುಜ, ಎರಡು ತೊಡೆಸಂದು, ಒಟ್ಟು ಐದು ಕೀಲು. ಸ್ಟಾರ್ಮ್‌ಟ್ರೂಪರ್‌ನಂಥವಕ್ಕೆ ತಲೆ ತಿರುಗುವುದೇ ಇಲ್ಲ, ಅದು ಎದೆಯ ಜೊತೆಗೇ ಅಚ್ಚಾಗಿದೆ. ಕೈಕಾಲಿನ ಪೆಗ್‌ಗಳನ್ನು, ಎಂದರೆ ಸಂದಿನಲ್ಲಿ ಕೂರುವ ಗೂಟಗಳನ್ನು, ಎದೆಯ ಎರಡು ಹೋಳುಗಳ ನಡುವೆ ಇಟ್ಟು, ಹೋಳುಗಳನ್ನು ಕಾಯಂ ಆಗಿ ಬೆಸೆದುಬಿಟ್ಟಿದ್ದಾರೆ. ಸ್ಕ್ರೂ ಇಲ್ಲ, ಬಿಚ್ಚುವಂತಿಲ್ಲ. ಮೊಣಕಾಲು ಮಡಚದ ಕಾರಣ ಆಟಿಕೆ ವಾಹನದ ಕಾಕ್‌ಪಿಟ್‌ನಲ್ಲಿ ಕಾಲು ನೀಡಿಯೇ ಕೂರಬೇಕು. ಆದರೆ ಹಾಳಾಗುವ ಭಾಗಗಳೂ ಕಡಿಮೆ. ಆಗುವ ತೊಂದರೆ ಹೆಚ್ಚಾಗಿ ಒಂದೇ: ಪೆಗ್ ಸವೆದು ಕಾಲು ಸಡಿಲವಾಗುತ್ತದೆ, ಗೊಂಬೆ ನಿಲ್ಲುವುದಿಲ್ಲ.

ಇದಕ್ಕೆ ನಾನು ಮಾಡುವುದು ಹೀಗೆ. ಗೊಂಬೆಯನ್ನು ಸೋಪುನೀರಿನಲ್ಲಿ ತೊಳೆದು, ಸಂದಿನಲ್ಲಿರುವ ಜಿಡ್ಡು ತೆಗೆದು, ಪೂರ್ತಿ ಒಣಗಿಸುತ್ತೇನೆ. ಕಾಲನ್ನು ಒಂದು ಬದಿಗೆ ಒತ್ತಿ ಹಿಡಿದು, ಸೂಜಿಯ ಮೊನೆಯಿಂದ ನೀರಿನಲ್ಲಿ ಕರಗುವ ಅಕ್ರಿಲಿಕ್ ವಾರ್ನಿಶ್‌ನ ಒಂದು ಹನಿಯನ್ನು ಸಂದಿಗೆ ಬಿಡುತ್ತೇನೆ. ಒಣಗುವ ತನಕ ಕೆಲವು ನಿಮಿಷಕ್ಕೊಮ್ಮೆ ಕಾಲನ್ನು ಹಿಂದೆ ಮುಂದೆ ಆಡಿಸುತ್ತಿರಬೇಕು, ಇಲ್ಲದಿದ್ದರೆ ಅಲ್ಲೇ ಅಂಟಿಕೊಳ್ಳುತ್ತದೆ. ಒಂದು ರಾತ್ರಿ ಬಿಟ್ಟು ನೋಡಿ, ಸಾಲದಿದ್ದರೆ ಮತ್ತೊಂದು ಹನಿ. ಉಗುರುಬಣ್ಣ ಬೇಡವೇ ಬೇಡ: ಅದರಲ್ಲಿರುವ ದ್ರಾವಕ ಪ್ಲಾಸ್ಟಿಕ್ಕನ್ನೂ ಮೇಲಿನ ಬಣ್ಣವನ್ನೂ ತಿನ್ನುತ್ತದೆ. ಸೂಪರ್ ಗ್ಲೂ ಕೂಡ ಬೇಡ. ಸಂದಿನ ಸುತ್ತ ಬಿಳಿ ಮಂಜು ಹಿಡಿಸುತ್ತದೆ, ಆಮೇಲೆ ಕಾಲು ತಿರುಗಿಸಿದರೆ ಪೆಗ್ ಮುರಿಯುತ್ತದೆ.

ಜಿ.ಐ. ಜೋ ಬಗ್ಗೆ ಹೇಳಬೇಕಾದ್ದು ಹೆಚ್ಚಿದೆ. ಇದರ ಎದೆಯ ಎರಡು ಹೋಳುಗಳನ್ನು ಬೆನ್ನಿನ ಒಂದೇ ಸ್ಕ್ರೂ ಹಿಡಿದಿದೆ. ಕಾಲುಗಳೆರಡನ್ನೂ ಲೋಹದ ಒಂದು ಕೊಕ್ಕೆ ಜೋಡಿಸುತ್ತದೆ. ಆ ಕೊಕ್ಕೆ ಸೊಂಟದ ತುಂಡಿನ ತೂತಿನಲ್ಲಿ ಮೇಲೆ ಬರುತ್ತದೆ. ಕೊಕ್ಕೆಗೆ ಒಂದು ರಬ್ಬರ್ ಓ-ರಿಂಗ್ (ಬಳೆಯಾಕಾರದ ಸಣ್ಣ ರಬ್ಬರ್) ಸಿಕ್ಕಿಸಿ, ಅದರ ಮೇಲ್ತುದಿಯನ್ನು ಎದೆಯೊಳಗಿನ ಸ್ಕ್ರೂ ಕಂಬಕ್ಕೆ ಹಾಕಿರುತ್ತಾರೆ. ಸೊಂಟ, ತೊಡೆ, ಎದೆ ಮೂರೂ ಈ ಒಂದು ರಬ್ಬರಿನ ಎಳೆತದಲ್ಲಿ ನಿಂತಿವೆ. ಮೊಣಕೈ, ಮೊಣಕಾಲಿಗೆ ಮಾತ್ರ ಲೋಹದ ರಿವೆಟ್.

1982ರ ಮೊದಲ ಸರಣಿಯ ತೋಳು ಮೊಣಕೈಯಲ್ಲಿ ಮಡಚುತ್ತದೆ, ಆದರೆ ತೋಳಿನ ನಡುವೆ ತಿರುಗುವುದಿಲ್ಲ. ಹಾಗಾಗಿ ಬಂದೂಕನ್ನು ಎರಡೂ ಕೈಯಿಂದ ಎದೆಗೆ ಅಡ್ಡವಾಗಿ ಹಿಡಿಸಲು ಆಗುವುದಿಲ್ಲ. 1983ರಲ್ಲಿ ಮೊಣಕೈ ಮೇಲೆ ಸುತ್ತ ತಿರುಗುವ ಕೀಲು ಸೇರಿತು. ನನ್ನ ಮಟ್ಟಿಗೆ ಈ ಗಾತ್ರದ ಗೊಂಬೆಗಳಲ್ಲಿ ಆದ ಅತಿ ದೊಡ್ಡ ಸುಧಾರಣೆ ಇದೇ. 1985ರಲ್ಲಿ ಕುತ್ತಿಗೆಗೆ ಬಾಲ್ ಜಾಯಿಂಟ್ ಬಂದು, ಎಡ-ಬಲ ಮಾತ್ರ ತಿರುಗುತ್ತಿದ್ದ ತಲೆ ಮೇಲೆ ಕೆಳಗೂ ನೋಡತೊಡಗಿತು. ತಲೆ ನೋಡಿಯೇ ಒಂದು ಫಿಗರ್ 1985ಕ್ಕೆ ಮುಂಚಿನ ಅಚ್ಚೋ ನಂತರದ್ದೋ ಎಂದು ಅಂದಾಜು ಮಾಡಬಹುದು.

ನಮ್ಮಲ್ಲಿ ಹೆಚ್ಚು ಕಾಣಸಿಗುವುದು ಫನ್‌ಸ್ಕೂಲ್ ಮಾರಿದ ಜಿ.ಐ. ಜೋಗಳು. ಹ್ಯಾಸ್‌ಬ್ರೋದ ಅಚ್ಚುಗಳಲ್ಲೇ ಎರಕವಾದವು, ಬಣ್ಣ ಎಷ್ಟೋ ಕಡೆ ಬೇರೆ, ಒಳಗಿನ ಓ-ರಿಂಗ್ ವ್ಯವಸ್ಥೆ ಅದೇ. ಅಟ್ಟದ ಮೇಲಿನ ಡಬ್ಬಿಯಲ್ಲಿ ಎದೆ ಒಂದು ಕಡೆ, ಕಾಲು ಒಂದು ಕಡೆ ಬಿದ್ದಿದ್ದರೆ ಗೊಂಬೆ ಮುರಿದಿದೆ ಎಂದು ಎಸೆಯಬೇಡಿ. ಹೆಚ್ಚಿನ ಸಲ ರಬ್ಬರ್ ಒಣಗಿ ತುಂಡಾಗಿರುತ್ತದೆ, ಅಷ್ಟೇ.

ರಿಂಗ್ ಬದಲಿಸುವಾಗ ಸ್ಕ್ರೂಡ್ರೈವರ್ ತುದಿ ಸ್ಕ್ರೂವಿನ ತಲೆಯಲ್ಲಿ ಪೂರ್ತಿ ಕೂರಬೇಕು. ಕರಾವಳಿ, ಮಲೆನಾಡಿನ ತೇವದಲ್ಲಿ ಇದ್ದ ಗೊಂಬೆಗಳ ಸ್ಕ್ರೂ ತುಕ್ಕು ಹಿಡಿದಿರುತ್ತದೆ. ಒಂದು ಸಣ್ಣ ಹನಿ ಮಷೀನ್ ಎಣ್ಣೆಯನ್ನು ಸ್ಕ್ರೂ ತಲೆಗೆ ಮಾತ್ರ ಬಿಟ್ಟು ಒಂದು ದಿನ ಕಾಯಿರಿ. ಬಿಚ್ಚಿದ ಮೇಲೆ ಆ ಎಣ್ಣೆಯನ್ನು ಒರೆಸಲೇಬೇಕು, ಹೊಸ ರಬ್ಬರಿಗೆ ತಾಗಬಾರದು. ಹೊಸ ರಿಂಗನ್ನು ಹಳೆಯದರ ದಪ್ಪ ಮತ್ತು ಒಳವ್ಯಾಸ ಅಳೆದು ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಂದಿಸಿ. ಹಳೆಯದು ಹಿಗ್ಗಿರುವ ಸಾಧ್ಯತೆ ಇರುವುದರಿಂದ ಅದೇ ಅಳತೆಯದೊಂದು, ತುಸು ಚಿಕ್ಕದೊಂದು ತಂದು ಎರಡನ್ನೂ ಹಾಕಿ ನೋಡುವುದು ಮೇಲು. ದಪ್ಪ ಹೆಚ್ಚಾದರೆ ಅಪಾಯವಿದೆ: ಎಳೆತ ವಿಪರೀತವಾಗಿ ಎರಡು ತೊಡೆಗಳ ನಡುವಿನ ಸೊಂಟದ ಸಪೂರ ಭಾಗ ಮುರಿಯುತ್ತದೆ. ಈ ಗೊಂಬೆಗಳಲ್ಲಿ ಹೆಬ್ಬೆರಳಿನ ನಂತರ ಹೆಚ್ಚು ಮುರಿಯುವ ಜಾಗ ಅದೇ.

ಜೋಡಿಸುವಾಗ ಬೆನ್ನಿನ ಹೋಳನ್ನು ಕೆಳಗಿಟ್ಟು, ತಲೆ ಮತ್ತು ತೋಳುಗಳನ್ನು ಕೂರಿಸಿ, ರಿಂಗನ್ನು ಕಂಬದ ಜಾಗಕ್ಕೆ ಎಳೆದು ಹಾಕಿ ಎದೆ ಮುಚ್ಚಿ. ಸ್ಕ್ರೂ ತಿರುಗಿಸುವ ಮುನ್ನ ಮೊದಲು ಹಿಂದಕ್ಕೆ, ಎಂದರೆ ಬಿಚ್ಚುವ ದಿಕ್ಕಿಗೆ, ಮೆಲ್ಲಗೆ ತಿರುಗಿಸಿ. ಒಂದು ಹಂತದಲ್ಲಿ ಸ್ಕ್ರೂ ಟಕ್ ಎಂದು ಸ್ವಲ್ಪ ಕೆಳಗಿಳಿಯುತ್ತದೆ: ಹಳೇ ಮರೆ (ಸ್ಕ್ರೂ ಕೂರುವ ಸುರುಳಿ ಗೀರು) ಸಿಕ್ಕಿತು ಎಂದರ್ಥ. ಅಲ್ಲಿಂದ ಮುಂದಕ್ಕೆ ಬಿಗಿಸಿ. ನೇರವಾಗಿ ಒತ್ತಿ ತಿರುಗಿಸಿದರೆ ಪ್ಲಾಸ್ಟಿಕ್‌ನಲ್ಲಿ ಹೊಸ ಮರೆ ಕೊರೆದು, ನಾಲ್ಕಾರು ಸಲಕ್ಕೆ ಕಂಬ ಪೊಳ್ಳಾಗುತ್ತದೆ. ಎದೆಯ ಸಂದು ಮುಚ್ಚಿದ ಕೂಡಲೇ ನಿಲ್ಲಿಸಬೇಕು. ಭುಜ ಸಡಿಲ ಅನಿಸಿದರೆ ಕಾಲು ಸುತ್ತು ಹೆಚ್ಚು ಸಾಕು.

ಪಿನ್ ಕೀಲಿನ ಗೊಂಬೆಗಳಲ್ಲಿ ಮುಖ್ಯವಾದದ್ದು ಟಕಾರಾ 1974ರಲ್ಲಿ ತಂದ ಮೈಕ್ರೋಮ್ಯಾನ್, 1976ರಲ್ಲಿ ಮೆಗೋ ಅದನ್ನೇ ಅಮೆರಿಕದಲ್ಲಿ ಮೈಕ್ರೋನಾಟ್ಸ್ ಎಂದು ಮಾರಿತು. ಮಣಿಕಟ್ಟು, ಪಾದ ಕೂಡ ಆಡುತ್ತವೆ, ಭಂಗಿಯ ವಿಷಯದಲ್ಲಿ ಇವು ಎಲ್ಲರಿಗಿಂತ ಮುಂದೆ. ಆದರೆ ಪಾರದರ್ಶಕ ಪ್ಲಾಸ್ಟಿಕ್ ಪಿನ್ನಿನ ಸುತ್ತ ಬಿರುಕು ಬಿಡುತ್ತದೆ, ಬಿರುಕಿಗೆ ಮದ್ದಿಲ್ಲ. ಪ್ರದರ್ಶನಕ್ಕೆ ಒಮ್ಮೆ ನಿಲ್ಲಿಸಿ ಬಿಟ್ಟುಬಿಡಬೇಕಾದ ಗೊಂಬೆಗಳು ಇವು.

ಕೆನ್ನರ್, ಜಿ.ಐ. ಜೋ ಎರಡೂ ವಿಧಾನವನ್ನು ಒಂದೇ ಸರಣಿಯಲ್ಲಿ ನೋಡಬೇಕೆಂದರೆ ಬ್ರಿಟನ್ನಿನ ಪ್ಯಾಲಿಟಾಯ್ ಕಂಪನಿಯ ಆ್ಯಕ್ಷನ್ ಫೋರ್ಸ್ ಹುಡುಕಿ. 1982ರ ಮೊದಲ ಫಿಗರ್‌ಗಳು ಸ್ಟಾರ್ ವಾರ್ಸ್‌ನಂತೆ ಐದು ಕೀಲಿನವು, ಮುಂದೆ ಅದೇ ಹೆಸರಿನಲ್ಲಿ ಜಿ.ಐ. ಜೋ ಅಚ್ಚುಗಳು ಬಂದವು.

ಕೊಳ್ಳುವ ಮುನ್ನ ಜಿ.ಐ. ಜೋ ಆದರೆ ಮೊಣಕೈ ರಿವೆಟ್ ಸುತ್ತ ಕೂದಲೆಳೆಯ ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಎರಡೂ ಹೆಬ್ಬೆರಳು, ಸೊಂಟದ ತುಂಡು ನೋಡಿ. ರಬ್ಬರ್ ಹೋಗಿದ್ದರೆ ಚಿಂತೆಯಿಲ್ಲ, ಬೆಲೆ ಇಳಿಸಲು ಅದು ಒಳ್ಳೇ ಕಾರಣ. ಕೆನ್ನರ್ ಆದರೆ ಸಮತಟ್ಟಾದ ಮೇಜಿನ ಮೇಲೆ ಆಸರೆಯಿಲ್ಲದೆ ನಿಲ್ಲಿಸಿ, ತೋಳನ್ನು ಮುಂದಕ್ಕೆ ಚಾಚಿ ಬಿಡಿ. ತೋಳು ತಾನಾಗಿ ಕೆಳಗೆ ಬಿದ್ದರೆ ಪೆಗ್ ಸವೆದಿದೆ. ಜಿ.ಐ. ಜೋಗೆ ಬಂದೂಕು ಹಿಡಿಸುವ ಮುನ್ನ ಅದರ ಕೈಯನ್ನು ಅರ್ಧ ನಿಮಿಷ ಬಿಸಿನೀರಿನಲ್ಲಿ ಅದ್ದಿ, ಕುದಿಯುವ ನೀರಲ್ಲ. ಬೆರಳು ಮೆತ್ತಗಾದ ಮೇಲೆ ಬಂದೂಕಿನ ಹಿಡಿಯನ್ನು ಪಕ್ಕದಿಂದ ಜಾರಿಸಿ. ಮುಂದಿನಿಂದ ಒತ್ತಿದರೆ ಹೆಬ್ಬೆರಳು ಹೋಗುತ್ತದೆ.