ಬೈಕ್ ಏರುವ ಮೊದಲು ಕಿವಿಗೊಂದು ಬಿರಡೆ: ಪುಣೆಯಿಂದ ಬೆಳಗಾವಿಗೆ ಹೊರಟವರಿಗೆ

ದೀಪಾವಳಿಯ ಹಿಂದಿನ ದಿನ ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣವನ್ನು ಒಮ್ಮೆ ನೋಡಿದವರಿಗೆ, ನಮ್ಮ ಕಡೆಯ ಹುಡುಗರು ಬೈಕಿನಲ್ಲೇ ಊರಿಗೆ ಏಕೆ ಹೊರಡುತ್ತಾರೆಂದು ವಿವರಿಸಬೇಕಾಗಿಲ್ಲ. ಬೆಳಗಾವಿಗೆ ಸುಮಾರು 340 ಕಿಲೋಮೀಟರ್. ನಾನೂ ವರ್ಷಗಟ್ಟಲೆ ಹೀಗೆ ಓಡಾಡಿದ್ದೇನೆ. ಮನೆ ತಲುಪಿ ಹೆಲ್ಮೆಟ್ ತೆಗೆದ ಮೇಲೂ ಕಿವಿಯೊಳಗೆ ಜೀರುಂಡೆ ಕೂತಂತೆ ಗುಂಯ್ ಎನ್ನುತ್ತಿತ್ತು. ದಣಿವು, ಮಲಗಿ ಎದ್ದರೆ ಹೋಗುತ್ತದೆ ಎಂದುಕೊಳ್ಳುತ್ತಿದ್ದೆ, ಹೋಗುತ್ತಲೂ ಇತ್ತು. ಒಂದು ದಿನ ಹೆಂಡತಿ ಅಡುಗೆಮನೆಯಿಂದ ‘ಸಾಲ ತೀರಿತು’ ಎಂದದ್ದು ನನಗೆ ‘ಕಾಲ ತೀರಿತು’ ಎಂದು ಕೇಳಿಸಿತು. ಗಾಬರಿ ಇಳಿದ ಮೇಲೆ ಕಿವಿಯ ಪರೀಕ್ಷೆಗೆ ಹೋದೆ. ಪರೀಕ್ಷೆಯ ನಕ್ಷೆಯಲ್ಲಿ ಗೆರೆ ನೆಟ್ಟಗೆ ಬಂದು 4,000 ಹರ್ಟ್ಸ್ ಎಂಬ ತಾರಸ್ವರದ ಹತ್ತಿರ ಗುಂಡಿಗೆ ಬಿದ್ದ ಚಕ್ರದಂತೆ ಕುಸಿದಿತ್ತು. ಗದ್ದಲದಿಂದ ಕೆಟ್ಟ ಕಿವಿಯ ಗುರುತು ಅದೇ. ಸ, ಶ, ಕ, ಟ ಮುಂತಾದ ವ್ಯಂಜನಗಳ ಚೂಪು ಇರುವುದು ಆ ಎತ್ತರದ ಸದ್ದುಗಳಲ್ಲೇ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಆದ್ದರಿಂದ ಈ ಲೇಖನ ಹೆಲ್ಮೆಟ್ಟಿನಿಂದಲ್ಲ, ಕಿವಿಯಿಂದ ಶುರುವಾಗುತ್ತದೆ. ಹೆಲ್ಮೆಟ್ಟಿನ ಬಗ್ಗೆ ಪೊಲೀಸರಾದರೂ ನೆನಪಿಸುತ್ತಾರೆ.

ಸದ್ದು ಬರುವುದೆಲ್ಲಿಂದ?

ಸೈಲೆನ್ಸರಿನಿಂದ ಎಂದು ಎಲ್ಲರೂ ಹೇಳುತ್ತಾರೆ. ಪಟಾಕಿ ಸದ್ದಿನ ಸೈಲೆನ್ಸರ್ ಹಾಕಿಸಿಕೊಂಡವರ ವಿಷಯದಲ್ಲಿ ಅದು ನಿಜವಿರಬಹುದು. ಅವರು ಕೆಡಿಸುವುದು ಮುಖ್ಯವಾಗಿ ನೆರೆಹೊರೆಯವರ ಕಿವಿಯನ್ನು. ಉಳಿದವರಿಗೆ ಗಂಟೆಗೆ 60–65 ಕಿಲೋಮೀಟರ್ ದಾಟಿದ ಮೇಲೆ ಎಂಜಿನ್ನಿನ ಸದ್ದನ್ನು ಗಾಳಿಯ ಸದ್ದು ನುಂಗಿಬಿಡುತ್ತದೆ. ಹೆಲ್ಮೆಟ್ಟಿನ ಕೆಳಅಂಚಿನಲ್ಲಿ, ಗದ್ದ ಮತ್ತು ಕತ್ತಿನ ಸುತ್ತ, ಗಾಳಿ ಸುಳಿಸುಳಿಯಾಗಿ ಒಡೆಯುತ್ತದೆ. ಅಲ್ಲಿ ಏಳುವ ತಗ್ಗುಸ್ವರದ ಮೊರೆತವನ್ನು ತಡೆಯಲು ಹೆಲ್ಮೆಟ್ಟಿನ ಥರ್ಮೋಕೋಲಿಗೆ ಆಗುವುದಿಲ್ಲ. 80ರ ವೇಗದಲ್ಲಿ ಒಳಗಿನ ಸದ್ದು 90 ಡೆಸಿಬೆಲ್ ಆಸುಪಾಸು, 100ರಲ್ಲಿ 95ರ ಸುತ್ತಮುತ್ತ. ಹೆಲ್ಮೆಟ್ ದುಬಾರಿಯದಾದರೂ ಈ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಹೇಳುವ ಮಿತಿ 85 ಡೆಸಿಬೆಲ್, ದಿನಕ್ಕೆ ಎಂಟು ತಾಸು. ಮೂರು ಡೆಸಿಬೆಲ್ ಏರಿದಂತೆ ಅವಧಿ ಅರ್ಧವಾಗುತ್ತದೆ: 88ಕ್ಕೆ ನಾಲ್ಕು ತಾಸು, 91ಕ್ಕೆ ಎರಡು, 94ಕ್ಕೆ ಒಂದೇ. ನಾಲ್ಕು ಪಥದ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಗಳಿಗಿರುವ ಮಿತಿ 80. ಅದನ್ನು ಚಾಚೂ ತಪ್ಪದೆ ಪಾಲಿಸಿದರೂ ದಾರಿಯ ನಡುವಿನ ಕರಾಡ ಬರುವ ಹೊತ್ತಿಗೆ ಆ ದಿನದ ಪಾಲು ಮುಗಿದಿರುತ್ತದೆ. ಆಮೇಲಿನದೆಲ್ಲ ಸಾಲ, ಕಾಲವಲ್ಲ.

ಪುಣೆ ಬಳಿಯ ಭೋಸರಿ, ಚಾಕಣದ ಕಾರ್ಖಾನೆಗಳಲ್ಲಿ ಪ್ರೆಸ್ ಯಂತ್ರದ ಮುಂದೆ ನಿಲ್ಲುವ ನಮ್ಮ ವಿಜಯಪುರ, ಕಲಬುರಗಿಯ ಹುಡುಗರು ಪಾಳಿಯಲ್ಲಿ ಕಿವಿಗೆ ಇಯರ್ ಪ್ಲಗ್ ಹಾಕಿಕೊಳ್ಳುತ್ತಾರೆ. ಪಾಳಿ ಮುಗಿದೊಡನೆ ಅದನ್ನು ತೆಗೆದು ಜೇಬಿಗೆ ಹಾಕಿ ಕಿವಿ ಕೆಡಿಸುವ ಗಾಳಿಯ ಮೊರೆತದಲ್ಲಿ ಊರಿಗೆ ಹೊರಡುತ್ತಾರೆ. ಜೇಬಿನಲ್ಲಿರುವುದನ್ನೇ ಕಿವಿಗೆ ಹಾಕಿದರೆ ಆಯಿತು.

ಪ್ಲಗ್ ಕೊಳ್ಳುವುದು, ಹಾಕುವುದು

ಔಷಧಿ ಅಂಗಡಿಯಲ್ಲಿ, ಇಲ್ಲವೇ ಕಾರ್ಖಾನೆಗಳಿಗೆ ಗಂಬೂಟು, ಕೈಗವಸು ಮಾರುವ ಸುರಕ್ಷತಾ ಸಾಮಾನಿನ ಅಂಗಡಿಯಲ್ಲಿ ಕೇಳಿ. ಮೊದಲಿಗೆ ಮೆತ್ತನೆಯ ಫೋಮಿನದೇ ಸಾಕು. ಒಂದು ಜೊತೆಗೆ ಒಂದೆರಡು ಕಪ್ ಚಹಾದ ಬೆಲೆ. ಪೊಟ್ಟಣದ ಮೇಲೆ ಎನ್‌ಆರ್‌ಆರ್ ಎಂದು ಒಂದು ಅಂಕಿ ಇರುತ್ತದೆ. 33 ಎಂದಿದ್ದರೆ 33 ಡೆಸಿಬೆಲ್ ಕಡಿಮೆಯಾಗುತ್ತದೆಂದು ನಂಬಬೇಡಿ, ಅದು ಪ್ರಯೋಗಾಲಯದ ಲೆಕ್ಕ. ಏಳು ಕಳೆದು ಎರಡರಿಂದ ಭಾಗಿಸಿ: 13. ಅಷ್ಟು ಸಾಕು, 95 ಇದ್ದದ್ದು 82ಕ್ಕೆ ಇಳಿಯುತ್ತದೆ.

ಅರಳೆ ಉಪಯೋಗವಿಲ್ಲ. ನಮ್ಮ ಅಜ್ಜಂದಿರು ಬುಲೆಟ್, ರಾಜದೂತ್ ಓಡಿಸುವಾಗ ತಲೆಗೆ ಟವೆಲ್ ಸುತ್ತಿಕೊಳ್ಳುತ್ತಿದ್ದದ್ದು ಚಳಿಗೆ ಸರಿ, ಸದ್ದಿಗೆ ಅಲ್ಲ. ಹಾಡು ಕೇಳುವ ಇಯರ್ ಫೋನ್ ಇನ್ನೂ ಕೆಟ್ಟದ್ದು; ಗಾಳಿಯನ್ನು ಮೀರಿಸಲು ಹಾಡನ್ನು ಏರಿಸುತ್ತೀರಿ, ಕಿವಿಗೆ ಎರಡೂ ಬೀಳುತ್ತವೆ.

ಹಾಕುವ ವಿಧಾನದಲ್ಲೇ ಹೆಚ್ಚಿನವರು ಎಡವುತ್ತಾರೆ. ಕಿವಿಯ ಬಾಯಿಗೆ ಸುಮ್ಮನೆ ತುರುಕಿ ‘ಏನೂ ವ್ಯತ್ಯಾಸವಿಲ್ಲ’ ಎಂದು ಬಿಸಾಡುತ್ತಾರೆ. ಮೊದಲು ಕೈ ತೊಳೆಯಿರಿ. ಸರಪಳಿಯ ಎಣ್ಣೆ ಹಚ್ಚಿದ ಬೆರಳು ಕಿವಿಗೆ ಬೇಡ. ಪ್ಲಗ್ಗನ್ನು ಬೆರಳುಗಳ ನಡುವೆ, ಅಗರಬತ್ತಿ ಹೊಸೆಯುವ ಹಾಗೆ, ಮಡಿಕೆ ಬೀಳದಂತೆ ಹೊಸೆದು ಸಣ್ಣ ಕಡ್ಡಿಯಷ್ಟು ಮಾಡಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿನಿಂದ ತಂದು ಬಲಗಿವಿಯ ತುದಿ ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಶಾಲೆಯಲ್ಲಿ ಬಸ್ಕಿ ಹೊಡೆಸಿಕೊಂಡವರಿಗೆ ಇದು ಹೊಸದಲ್ಲ. ಡೊಂಕಾದ ಕಿವಿಯ ಕೊಳವೆ ಆಗ ನೇರವಾಗುತ್ತದೆ. ಬಲಗೈಯಿಂದ ಪ್ಲಗ್ ಒಳಗಿಟ್ಟು, ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ. ಅದು ಒಳಗೇ ಅರಳಬೇಕು. ಬೇಗ ಕೈ ಬಿಟ್ಟರೆ ಹೊರಗೆ ಜಾರುತ್ತದೆ.

ಸರಿಯಾಗಿ ಕೂತಿದೆಯೇ ಎಂದು ತಿಳಿಯುವುದು ಸುಲಭ. ಎರಡೂ ಅಂಗೈಗಳಿಂದ ಕಿವಿಗಳನ್ನು ಬಿಗಿಯಾಗಿ ಮುಚ್ಚಿ, ತೆಗೆಯಿರಿ. ಮುಚ್ಚಿದಾಗ ಸದ್ದು ತೀರಾ ಕಡಿಮೆಯಾದರೆ ಪ್ಲಗ್ ಸೋರುತ್ತಿದೆ ಎಂದರ್ಥ. ತೆಗೆದು ಮತ್ತೆ ಹಾಕಿ. ಪ್ಲಗ್ಗಿನ ತುದಿ ಕಿವಿಯಿಂದ ಹೊರಗೆ ಚಾಚಿರಬಾರದು, ಹೆಲ್ಮೆಟ್ ಒತ್ತಿ ಹತ್ತು ನಿಮಿಷದಲ್ಲಿ ನೋವು ಶುರುವಾಗುತ್ತದೆ. ಹೆಲ್ಮೆಟ್ ಹಾಕುವಾಗ ಎರಡೂ ಪಟ್ಟಿ ಹಿಡಿದು ಅಗಲಿಸಿ ಇಳಿಸಿ. ಕನ್ನಡಕ ಕೊನೆಗೆ. ಕಿವಿ ಸೋರುತ್ತಿದ್ದರೆ, ನೋವಿದ್ದರೆ ಪ್ಲಗ್ ಮುಟ್ಟಬೇಡಿ, ವೈದ್ಯರನ್ನು ಕಾಣಿ.

‘ಹಾರ್ನ್ ಕೇಳಿಸದಿದ್ದರೆ?’ ಎಂದು ಎಲ್ಲರೂ ಕೇಳುತ್ತಾರೆ. ಪ್ಲಗ್ ಗಾಳಿಯ ಸದ್ದನ್ನೂ ಹಾರ್ನಿನ ಸದ್ದನ್ನೂ ಒಟ್ಟಿಗೆ ತಗ್ಗಿಸುತ್ತದೆ. ಮೊರೆತದಲ್ಲಿ ಕಿವಿ ಮರಗಟ್ಟದೆ ಇರುವುದರಿಂದ ಹೆದ್ದಾರಿಯಲ್ಲಿ ಹಿಂದಿನ ಲಾರಿಯ ಹಾರ್ನ್ ನನಗೆ ಈಗ ಮೊದಲಿಗಿಂತ ಚೆನ್ನಾಗಿ ಬೇರೆಯಾಗಿ ಕೇಳಿಸುತ್ತದೆ. (ಲಾರಿಗಳ ಬೆನ್ನ ಮೇಲೆ ‘ಹಾರ್ನ್ ಓಕೆ ಪ್ಲೀಸ್’ ಎಂದು ಬರೆಯುವುದನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲೇ ನಿಷೇಧಿಸಿದೆ. ಬರಹ ಅಳಿಸಿದರೆ ಅಭ್ಯಾಸ ಅಳಿಯುತ್ತದೆಯೇ!) ಆದರೆ ಲಕ್ಷ್ಮೀ ರಸ್ತೆಯಂಥ ಪೇಟೆಯ ಇಕ್ಕಟ್ಟಿನಲ್ಲಿ ನಾನು ಪ್ಲಗ್ ಹಾಕುವುದಿಲ್ಲ. ಅಲ್ಲಿ ವೇಗವೂ ಇಲ್ಲ, ಗಾಳಿಯೂ ಇಲ್ಲ. ಪುಣೆಯ ಅಂಚಿನ ಕಾತ್ರಜ್ ದಾಟುವ ಮೊದಲು ಒಂದು ಕಡೆ ನಿಂತು ಹಾಕಿಕೊಳ್ಳುತ್ತೇನೆ. ಒಂದು ಎಚ್ಚರಿಕೆ ಮಾತ್ರ ಬೇಕು: ಸದ್ದು ಕಡಿಮೆಯಾದರೆ ವೇಗವೂ ಕಡಿಮೆ ಇದೆ ಎನಿಸುತ್ತದೆ. ಮೊದಮೊದಲು ಸ್ಪೀಡೋಮೀಟರನ್ನು ಮತ್ತೆ ಮತ್ತೆ ನೋಡಿ.

ಮುಂದೆ ಗಾಜಿನ ತಡೆ ಇರುವ ಬೈಕಾದರೆ ಇನ್ನೊಂದು ಪರೀಕ್ಷೆ ಮಾಡಿ. ಖಾಲಿ, ನೇರ ರಸ್ತೆಯಲ್ಲಿ ಫುಟ್‌ರೆಸ್ಟಿನ ಮೇಲೆ ಸ್ವಲ್ಪ ಎದ್ದು ನಿಲ್ಲಿ. ಗದ್ದಲ ತಟ್ಟನೆ ಕಡಿಮೆಯಾದರೆ ಗಾಜಿನ ಅಂಚಿನಲ್ಲಿ ಒಡೆದ ಗಾಳಿ ನಿಮ್ಮ ಹೆಲ್ಮೆಟ್ಟಿಗೇ ಬಡಿಯುತ್ತಿದೆ. ಗಾಜನ್ನು ಎತ್ತರಿಸಿ ಅಥವಾ ಗಿಡ್ಡ ಮಾಡಿ. ನಡುವಿನ ಎತ್ತರವೇ ಎಲ್ಲಕ್ಕಿಂತ ಕೆಟ್ಟದ್ದು.

ತಲೆ, ಮೈ, ಕೈ, ಕಾಲು

1935ರಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾಗಿದ್ದ ಟಿ. ಇ. ಲಾರೆನ್ಸ್ ಇಂಗ್ಲೆಂಡಿನಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಆರು ದಿನ ಪ್ರಜ್ಞೆಯಿಲ್ಲದೆ ಇದ್ದು ತೀರಿಕೊಂಡರು. ಚಿಕಿತ್ಸೆಗೆ ಬಂದಿದ್ದವರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರವೈದ್ಯರೊಬ್ಬರಿದ್ದರು. ಆ ಸಾವು ಅವರನ್ನು ಬಿಡಲಿಲ್ಲ. 1941ರಲ್ಲಿ ಸೇನೆಯ ಬೈಕ್ ಸವಾರರ ತಲೆಪೆಟ್ಟುಗಳ ಕುರಿತು ಅವರು ಬರೆದ ಪ್ರಬಂಧದಿಂದ ಹೆಲ್ಮೆಟ್ ವೈದ್ಯಕೀಯದ ಮಾತಾಯಿತು.

ನಮ್ಮಲ್ಲಿ 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವಂತಿಲ್ಲ. ಐಎಸ್ 4151 ಎಂಬ ಸಂಖ್ಯೆ ಮತ್ತು ಪರವಾನಗಿ ಸಂಖ್ಯೆ ನೋಡಿ. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಪರವಾನಗಿ ಅಸಲಿಯೇ ಎಂದು ಅಂಗಡಿಯಲ್ಲೇ ನಿಂತು ಪರೀಕ್ಷಿಸಬಹುದು. ಗದ್ದ ಮುಚ್ಚುವ ಪೂರ್ಣ ಹೆಲ್ಮೆಟ್ಟೇ ಬೇಕು. ಹಾಕಿಕೊಂಡಾಗ ಕೆನ್ನೆ ಬೋಂಡಾದಂತೆ ಉಬ್ಬಬೇಕು, ಹೆಲ್ಮೆಟ್ ಅಲ್ಲಾಡಿಸಿದರೆ ಹಣೆಯ ಚರ್ಮವೂ ಜೊತೆಗೆ ಅಲ್ಲಾಡಬೇಕು. ಪಟ್ಟಿ ಬಿಗಿದು, ಹಿಂಭಾಗ ಹಿಡಿದು ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಅದು ನಿಮ್ಮದಲ್ಲ. ಪುಣೆಯ ಹೆಣ್ಣುಮಕ್ಕಳು ಮುಖಕ್ಕೆ ಸುತ್ತುವ ದಪ್ಪ ಸ್ಕಾರ್ಫಿನ ಮೇಲೆ ಹೆಲ್ಮೆಟ್ ಹಾಕಿದರೆ ಅಳತೆಯೇ ಬದಲಾಗುತ್ತದೆ. ತೆಳುವಾದ ಬಟ್ಟೆ ಸಾಕು. ಅದನ್ನು ಕತ್ತಿನ ಸುತ್ತ ಇಳಿಬಿಟ್ಟರೆ ಕೆಳಗಿನಿಂದ ನುಗ್ಗುವ ಗಾಳಿಯೂ ತಗ್ಗುತ್ತದೆ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲ್ ಕುಗ್ಗಿರುತ್ತದೆ, ಹೊರಗೆ ಗೀರಷ್ಟೇ ಕಂಡರೂ ಅದರ ಕೆಲಸ ಮುಗಿಯಿತು.

ಬಿದ್ದವರು ಮೊದಲು ಊರುವುದು ಅಂಗೈ. ಹಾಗಾಗಿ ದುಡ್ಡು ಕಡಿಮೆ ಇದ್ದರೆ ಹೆಲ್ಮೆಟ್ಟಿನ ನಂತರ ಕೈಗವಸು ಕೊಳ್ಳಿ, ಜಾಕೆಟ್ ಆಮೇಲೆ. ಜಾಕೆಟ್ಟಿನಲ್ಲಿ ಭುಜ, ಮೊಣಕೈ, ಬೆನ್ನಿಗೆ ರಕ್ಷಾಪಟ್ಟಿ ಇರಲಿ, ಅವು ಜರುಗದಷ್ಟು ಬಿಗಿ ಇರಲಿ. ಕಾಲಿಗೆ ಹರಡು ಮುಚ್ಚುವ ಬೂಟು. ಪುಣೆಯ ‘ನಾನಾ ಪೇಟೆ’ ಎಂಬ ಬಡಾವಣೆಯಲ್ಲಿ ಸುತ್ತಿದರೆ ಎಲ್ಲ ಬೆಲೆಯವೂ ಸಿಗುತ್ತವೆ. ಹಿಂದೆ ಕೂರುವವರಿಗೂ ಇಷ್ಟೂ ಬೇಕು, ಇಯರ್ ಪ್ಲಗ್ ಸಹಿತ. ಅವರ ಕಿವಿಯನ್ನು ಯಾರೂ ನೆನೆಯುವುದೇ ಇಲ್ಲ.

ರಸ್ತೆಗಿಳಿದ ಮೇಲೆ

ಬ್ರೇಕಿನ ಲೆಕ್ಕ ಮೊದಲು. 80ರ ವೇಗದಲ್ಲಿ ಬೈಕ್ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಅಪಾಯ ಕಂಡು ಬೆರಳು ಲಿವರ್ ಒತ್ತಲು ಒಂದೂವರೆ ಸೆಕೆಂಡ್ ಎಂದುಕೊಂಡರೂ 33 ಮೀಟರ್ ಹಾಗೇ ಕಳೆದುಹೋಗುತ್ತದೆ. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೆ ನಿಲ್ಲಲು ಇನ್ನೂ 35 ಮೀಟರ್‌ನಷ್ಟು ಬೇಕು. ಮೂರು ತಾಸು ಮೊರೆತದಲ್ಲಿ ಕೂತು ಮಂಕಾದ ತಲೆಗೆ ಆ ಒಂದೂವರೆ ಸೆಕೆಂಡ್ ಇನ್ನೂ ಹಿಗ್ಗಬಹುದು. ಕಿವಿಯ ಮಾತು ಬ್ರೇಕಿಗೆ ಬಂದು ಸೇರುವುದು ಇಲ್ಲೇ.

ಮುಂದಿನ ಬ್ರೇಕಿಗೆ ಹೆದರುವುದು ನಮ್ಮಲ್ಲಿ ಸೈಕಲ್ ಕಾಲದಿಂದ ಬಂದ ರೋಗ. ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಚಕ್ರದ್ದೇ, ಏಕೆಂದರೆ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ. ನಿಂಬೆಹಣ್ಣು ಹಿಂಡುವಂತೆ ಮೆಲ್ಲಗೆ ಶುರುಮಾಡಿ ಬಿಗಿಗೊಳಿಸಿ, ಗಕ್ಕನೆ ಹಿಡಿಯಬೇಡಿ. ಖಾಲಿ ಮೈದಾನದಲ್ಲಿ ಒಂದು ಭಾನುವಾರ ಅಭ್ಯಾಸ ಮಾಡಿ.

ಖಂಬಾಟಕಿ ಘಾಟಿನ ತಿರುವುಗಳಲ್ಲಿ ವೇಗ ಇಳಿಸುವುದು ತಿರುವಿಗೆ ಮುಂಚೆ, ತಿರುವಿನಲ್ಲಲ್ಲ. ಕಣ್ಣು ಹೋದಲ್ಲಿ ಬೈಕ್ ಹೋಗುತ್ತದೆ. ತಡೆಗೋಡೆಯನ್ನು ನೋಡಿದರೆ ತಡೆಗೋಡೆಗೇ ಹೋಗುತ್ತೀರಿ, ತಿರುವು ತೆರೆದುಕೊಳ್ಳುವ ತುದಿಯನ್ನು ನೋಡಿ. ಬಲಕ್ಕೆ ವಾಲಿಸಲು ಹ್ಯಾಂಡಲ್ಲಿನ ಬಲತುದಿಯನ್ನು ಮುಂದಕ್ಕೆ ಒತ್ತಬೇಕು. ಕೇಳಲು ವಿಚಿತ್ರ, ಆದರೆ ವೇಗದಲ್ಲಿ ಬೈಕ್ ತಿರುಗುವುದೇ ಹಾಗೆ, ನಿಮಗೆ ತಿಳಿಯದೆ ನೀವು ಮಾಡುತ್ತಿರುವುದೂ ಅದನ್ನೇ.

ನವೆಂಬರಿನಿಂದ ಕಬ್ಬು ಅರೆಯುವ ಹಂಗಾಮು. ಕರಾಡದಿಂದ ನಿಪ್ಪಾಣಿಯವರೆಗೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಬೆನ್ನಿಗೆ ದೀಪವಿಲ್ಲದೆ ತೆವಳುತ್ತವೆ. ಟ್ರ್ಯಾಕ್ಟರಿನ ಹಾಡು ದೂರದಿಂದ ಕೇಳಬಹುದು, ಹಿಂದಿನ ಟ್ರೇಲರ್ ಮಾತ್ರ ಕಾಣುವುದಿಲ್ಲ. ಕತ್ತಲಾದ ಮೇಲೆ ಈ ಭಾಗದಲ್ಲಿ ನಾನು ಬೈಕ್ ಓಡಿಸುವುದನ್ನೇ ಬಿಟ್ಟಿದ್ದೇನೆ.

ಪುಣೆಗೆ ಮರಳುವಾಗ ಹೊಸ ಕಾತ್ರಜ್ ಸುರಂಗ ದಾಟಿದೊಡನೆ ನವಲೆ ಸೇತುವೆಯವರೆಗೆ ಉದ್ದನೆಯ ಇಳಿಜಾರು. 2022ರ ನವೆಂಬರಿನಲ್ಲಿ ಇಲ್ಲಿ ಒಂದೇ ಅಪಘಾತದಲ್ಲಿ 40ಕ್ಕೂ ಹೆಚ್ಚು ವಾಹನಗಳು ಜಖಂಗೊಂಡವು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಲಾರಿಯ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ನೀವು ಗೇರಿನಲ್ಲೇ ಇಳಿಯಿರಿ, ಎಡಕ್ಕಿರಿ, ಕನ್ನಡಿಯಲ್ಲಿ ಹಿಂದೆ ಏನು ಬರುತ್ತಿದೆ ಎಂದು ನೋಡುತ್ತಲೇ ಇರಿ. ಭಾರದ ಲಾರಿಯ ಮುಂದೆ ಹೋಗಿ ನಿಲ್ಲಬೇಡಿ.

ಒಂದು, ಒಂದೂವರೆ ತಾಸಿಗೊಮ್ಮೆ ಇಳಿದು ಹತ್ತು ನಿಮಿಷ ನಿಲ್ಲಿ. ಸಾತಾರಾ, ಕರಾಡ, ಕೊಲ್ಹಾಪುರ ಈ ಲೆಕ್ಕಕ್ಕೆ ಸರಿಯಾಗಿ ಬರುತ್ತವೆ. ಪ್ಲಗ್ಗನ್ನು ಸೆಳೆದು ಕೀಳಬೇಡಿ, ಒಳಗೆ ನಿರ್ವಾತ ಉಂಟಾಗಿ ಕಿವಿತಮಟೆಗೆ ನೋವಾಗುತ್ತದೆ. ಮೆಲ್ಲಗೆ ತಿರುಚುತ್ತಾ ತೆಗೆಯಿರಿ. ಫೋಮಿನದು ಕೊಳೆಯಾದರೆ, ಅರಳುವುದು ನಿಧಾನವಾದರೆ ಎಸೆದು ಹೊಸದು ಹಾಕಿ. ಸಣ್ಣ ಡಬ್ಬಿಯಲ್ಲಿ ಎರಡು ಜೊತೆ ಹೆಚ್ಚಿಗೆ ಇರಲಿ. ಕೊಲ್ಹಾಪುರದ ಚಹಾದಂಗಡಿಗಳ ಮೇಜಿನ ಮೇಲೆ ನಾನು ಮರೆತು ಬಂದ ಪ್ಲಗ್ಗುಗಳನ್ನು ಕೂಡಿಸಿದರೆ ಒಂದು ಪಾಳಿಗೆ ಸಾಕಾಗುತ್ತಿತ್ತು.